ಟಿಪ್ಪಿಂಗ್ ಟ್ರೇಲರ್: ಆಯ್ಕೆಯ ಪ್ರಶ್ನೆಗಳು, ವೈರಿಂಗ್ ತೊಂದರೆಗಳು

ತೊಟ್ಟಿಯನ್ನು ಎತ್ತಿ ಸರಕು ಸುರಿಯುವ ಟಿಪ್ಪಿಂಗ್ ಟ್ರೇಲರ್ ಕುರಿತು ಮಂಡ್ಯ ಮತ್ತು ಮೈಸೂರು ಜಿಲ್ಲೆಗಳ ಓದುಗರು ಬರೆದ ಪತ್ರಗಳನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಹೆಚ್ಚಿನವರ ದೂರು ವಿದ್ಯುತ್ತಿಗೆ ಸಂಬಂಧಿಸಿದ್ದು: ಮೋಟಾರ್ ತಿರುಗುವುದಿಲ್ಲ, ಬ್ಯಾಟರಿ ನಿಲ್ಲುವುದಿಲ್ಲ, ದೀಪಗಳು ಒಂದಕ್ಕೊಂದು ಸೇರಿ ಉರಿಯುತ್ತವೆ. ಈ ದೋಷಗಳಲ್ಲಿ ಬಹುಪಾಲು ಟ್ರೇಲರ್ ಕೊಳ್ಳುವ ದಿನ ಯಾರೂ ಬಗ್ಗಿ ನೋಡದ ಕೇಬಲ್ಲು ಮತ್ತು ಅರ್ತ್ ತಂತಿಗಳಲ್ಲೇ (ಕರೆಂಟ್ ಬ್ಯಾಟರಿಯ ಮೈನಸ್ಸಿಗೆ ಹಿಂತಿರುಗುವ ತಂತಿಗಳು) ಹುಟ್ಟಿಕೊಂಡವು ಎಂಬುದು ನಮ್ಮ ಅಭಿಪ್ರಾಯ. ಆದ್ದರಿಂದ ಆಯ್ಕೆಯ ಪ್ರಶ್ನೆಗೆ ಮೊದಲು ಉತ್ತರಿಸಿ, ಆಮೇಲೆ ರಿಪೇರಿಯ ವಿಷಯಕ್ಕೆ ಹೋಗುತ್ತೇವೆ.

ಪ್ರಶ್ನೆ: ಮಾನ್ಯರೇ, ನನ್ನ ಬಳಿ 45 ಅಶ್ವಶಕ್ತಿಯ ಟ್ರ್ಯಾಕ್ಟರ್ ಇದೆ. ಕೊಟ್ಟಿಗೆ ಗೊಬ್ಬರ, ಕೆರೆಗೋಡು, ಎಂ-ಸ್ಯಾಂಡ್ ಹೊಡೆಯಲು ಮತ್ತು ಕಟಾವಿನ ಕಾಲದಲ್ಲಿ ಕಾರ್ಖಾನೆಗೆ ಕಬ್ಬು ಸಾಗಿಸಲು ಒಂದು ಟಿಪ್ಪಿಂಗ್ ಟ್ರೇಲರ್ ಕೊಳ್ಳಬೇಕೆಂದಿದ್ದೇನೆ. ಒಬ್ಬ ತಯಾರಕರು ಟ್ರ್ಯಾಕ್ಟರಿನ ಎಣ್ಣೆಯಿಂದಲೇ ಜಾಕ್ ಏಳುವಂಥದ್ದನ್ನೂ, ಇನ್ನೊಬ್ಬರು ಟ್ರೇಲರಿನಲ್ಲೇ ಬ್ಯಾಟರಿ, ಮೋಟಾರ್ ಮತ್ತು ರಿಮೋಟ್ ಇರುವಂಥದ್ದನ್ನೂ ತೋರಿಸಿದ್ದಾರೆ. ಎರಡು ಚಕ್ರದ್ದೋ ನಾಲ್ಕು ಚಕ್ರದ್ದೋ ಎಂಬುದೂ ತೀರ್ಮಾನವಾಗಿಲ್ಲ. ಯಾವುದು ಸೂಕ್ತ?
– ಓದುಗರು, ಮದ್ದೂರು ತಾಲ್ಲೂಕು

ಉತ್ತರ: ತೊಟ್ಟಿಯ ಅಳತೆಯನ್ನು ಘನ ಅಡಿಯಲ್ಲಿ ಕೇಳುವ ಮೊದಲು ಅದರಲ್ಲಿ ತುಂಬುವ ಸರಕಿನ ತೂಕವನ್ನು ಲೆಕ್ಕ ಹಾಕಿಕೊಳ್ಳಿ. 10 ಅಡಿ ಉದ್ದ, 6 ಅಡಿ ಅಗಲ, 2 ಅಡಿ ಎತ್ತರದ ತೊಟ್ಟಿಯಲ್ಲಿ 120 ಘನ ಅಡಿ, ಅಂದರೆ ಸುಮಾರು 3.4 ಘನ ಮೀಟರ್ ಹಿಡಿಯುತ್ತದೆ. ಕೊಟ್ಟಿಗೆ ಗೊಬ್ಬರವನ್ನು ಮಟ್ಟಸವಾಗಿ ತುಂಬಿದರೆ ಅದು ಹೆಚ್ಚುಕಡಿಮೆ 2 ಟನ್ ತೂಗಬಹುದು. ಅದೇ ತೊಟ್ಟಿಗೆ ಒದ್ದೆ ಮರಳು ತುಂಬಿದರೆ ತೂಕ 6 ಟನ್ ದಾಟುತ್ತದೆ, ಕೆರೆಗೋಡು ನೀರು ಹೀರಿದ್ದರೆ ಅದೂ ಬಹಳ ಹಿಂದುಳಿಯುವುದಿಲ್ಲ. ಗೊಬ್ಬರಕ್ಕೆಂದು ದೊಡ್ಡ ತೊಟ್ಟಿ ಮಾಡಿಸಿಕೊಂಡು ಅದಕ್ಕೇ ಮಟ್ಟಸವಾಗಿ ಎಂ-ಸ್ಯಾಂಡ್ ತುಂಬಿದಾಗ ಆಕ್ಸೆಲ್, ಟೈರು ಮತ್ತು ಜಾಕ್ ಮೂರೂ ಸೋಲುತ್ತವೆ. ತೊಟ್ಟಿಯ ಒಳಗೋಡೆಯ ಮೇಲೆ ಮರಳಿಗೊಂದು, ಗೋಡಿಗೊಂದು ಗೆರೆ ಬಣ್ಣದಲ್ಲಿ ಎಳೆಸಿಕೊಂಡು, ಒಮ್ಮೆ ವೇ ಬ್ರಿಡ್ಜ್ ಮೇಲೆ ನಿಲ್ಲಿಸಿ ಆ ಗೆರೆ ಸರಿಯಿದೆಯೇ ಎಂದು ನೋಡಿಕೊಳ್ಳುವುದು ಒಳ್ಳೆಯ ಪದ್ಧತಿ.

ಕಬ್ಬಿನ ವಿಷಯ ಬೇರೆ. ಕಾರ್ಖಾನೆಯ ಅಂಗಳದಲ್ಲಿ ಕಬ್ಬನ್ನು ಸಾಮಾನ್ಯವಾಗಿ ಸರಪಳಿ ಹಾಕಿ ಕ್ರೇನಿನಿಂದ ಎತ್ತಿ ಇಳಿಸಿಕೊಳ್ಳುತ್ತಾರಾದ್ದರಿಂದ ಅಲ್ಲಿ ನಿಮ್ಮ ಜಾಕಿಗೆ ಕೆಲಸವೇ ಇರುವುದಿಲ್ಲ. ಎತ್ತರದ ಗಟ್ಟಿ ಪಕ್ಕಗೋಡೆಗಳಿರುವ ತೊಟ್ಟಿ ಕಬ್ಬು ಹೇರುವಾಗ ಅಡ್ಡವಾಗುತ್ತದೆ. ಆದ್ದರಿಂದ ಕಬ್ಬಿನ ಆಸೆ ಇಟ್ಟುಕೊಂಡಿದ್ದರೆ ಪಕ್ಕದ ಬಾಗಿಲುಗಳನ್ನು ಕಳಚಿ, ಆ ಜಾಗದಲ್ಲಿ ಕಬ್ಬಿಣದ ಗೂಟಗಳನ್ನು ನಿಲ್ಲಿಸಲು ಬರುವಂತೆ ಮಾಡಿಸಿಕೊಳ್ಳಿ. ಇಡೀ ವರ್ಷದ ಆದಾಯದಲ್ಲಿ ಹೆಚ್ಚಿನ ಪಾಲು ಕಬ್ಬಿನಿಂದಲೇ ಬರುವುದಾದರೆ ಟಿಪ್ಪಿಂಗ್ ಇಲ್ಲದ ಸಾದಾ ಟ್ರೇಲರನ್ನೇ ಕೊಳ್ಳುವುದು ಲೇಸು.

ಎರಡು ಚಕ್ರದ ಟ್ರೇಲರ್ ತನ್ನ ಭಾರದ ಒಂದು ಪಾಲನ್ನು ಟ್ರ್ಯಾಕ್ಟರಿನ ಹುಕ್ಕಿನ ಮೇಲೆ ಹಾಕುತ್ತದೆ. ಅದರಿಂದ ಟ್ರ್ಯಾಕ್ಟರಿನ ಹಿಂಚಕ್ರಕ್ಕೆ ಹಿಡಿತ ಹೆಚ್ಚಿ, ನಾಲೆಯ ಬಯಲಿನ ಹಸಿ ಗದ್ದೆಯಿಂದ ಹೊರಬರುವುದು ಸುಲಭವಾಗುತ್ತದೆ. ಹಿಂದಕ್ಕೆ ಹೊಡೆಯುವುದೂ ಸುಲಭ. ನಾಲ್ಕು ಚಕ್ರದ್ದು ತನ್ನ ಭಾರವನ್ನು ತಾನೇ ಹೊರುತ್ತದೆಯಾದರೂ ಇಕ್ಕಟ್ಟಾದ ಗಾಡಿದಾರಿಯಲ್ಲಿ ಅದನ್ನು ಹಿಮ್ಮುಖವಾಗಿ ತಿರುಗಿಸುವುದು ಅನುಭವಸ್ಥರಿಗೂ ಕಷ್ಟ. ನಿಮ್ಮ ಕೆಲಸಕ್ಕೆ ಎರಡು ಚಕ್ರದ್ದು ಸಾಕೆಂದು ತೋರುತ್ತದೆ. ಆದರೆ ತೊಟ್ಟಿ ಏಳುವಾಗ ಭಾರ ಹಿಂದಕ್ಕೆ ಸರಿದು ಮುಂದಿನ ಮೂಕಿ ಮೇಲಕ್ಕೆ ಚಿಮ್ಮಲು ನೋಡುತ್ತದೆ ಎಂಬುದನ್ನು ಮರೆಯಬಾರದು. ಹುಕ್ಕಿನ ಪಿನ್ನಿಗೆ ಕೆಳಗಡೆ ಲಾಕ್ ಇಲ್ಲದ ಟ್ರೇಲರನ್ನು ಒಪ್ಪಿಕೊಳ್ಳಬೇಡಿ.

ಇನ್ನು ಎಣ್ಣೆಯೋ ಬ್ಯಾಟರಿಯೋ ಎಂಬ ಮುಖ್ಯ ಪ್ರಶ್ನೆ. ನಿಮ್ಮ ಟ್ರ್ಯಾಕ್ಟರಿನಲ್ಲಿ ಹೊರಗೆ ಹೋಸ್ ಪೈಪ್ ಜೋಡಿಸುವ ಹೈಡ್ರಾಲಿಕ್ ಬಾಯಿ ಇದ್ದು, ಟ್ರೇಲರನ್ನು ಅದೊಂದೇ ಟ್ರ್ಯಾಕ್ಟರ್ ಎಳೆಯುವುದಾದರೆ ಎಣ್ಣೆಯದ್ದನ್ನೇ ಕೊಳ್ಳಿ. ಕೆಡುವ ಭಾಗಗಳು ಅದರಲ್ಲಿ ಕಡಿಮೆ. ಒಂದೇ ಒಂದು ಲೆಕ್ಕ ನೋಡಿಕೊಳ್ಳಬೇಕು. ಒಳವ್ಯಾಸ 100 ಮಿಲಿಮೀಟರ್ ಇರುವ ಜಾಕ್ 1 ಮೀಟರ್ ಚಾಚಲು ಸುಮಾರು 7.85 ಲೀಟರ್ ಎಣ್ಣೆ ಬೇಕು, ಅಷ್ಟೂ ಎಣ್ಣೆ ಟ್ರ್ಯಾಕ್ಟರಿನ ಒಳಗಿನಿಂದಲೇ ಬರಬೇಕು. ಹೊರಗಿನ ಕೆಲಸಕ್ಕೆ ಎಷ್ಟು ಎಣ್ಣೆ ತೆಗೆಯಬಹುದೆಂದು ಟ್ರ್ಯಾಕ್ಟರಿನ ಕೈಪಿಡಿಯಲ್ಲಿ ಹೇಳಿರುತ್ತಾರೆ, ಜಾಕಿನ ಅಳತೆ ಅದರೊಳಗೆ ಇರಲಿ. ಅನೇಕ ಟ್ರ್ಯಾಕ್ಟರುಗಳಲ್ಲಿ ಗೇರ್ ಬಾಕ್ಸಿಗೂ ಹೈಡ್ರಾಲಿಕ್ಕಿಗೂ ಒಂದೇ ಎಣ್ಣೆಯಾದ್ದರಿಂದ ಹೋಸಿನ ತುದಿಗೆ ಮಣ್ಣು ಮೆತ್ತಿದ್ದರೆ ಅದು ನೇರವಾಗಿ ಗೇರುಗಳ ಬಳಿಗೆ ಹೋಗುತ್ತದೆ ಎಂಬುದೂ ನೆನಪಿರಲಿ.

ಬ್ಯಾಟರಿಯದ್ದು ಬೇಕಾಗುವುದು ಟ್ರ್ಯಾಕ್ಟರಿಗೆ ಹೈಡ್ರಾಲಿಕ್ ಬಾಯಿ ಇಲ್ಲದಿದ್ದಾಗ, ಅಥವಾ ಟ್ರೇಲರನ್ನು ಬಾಡಿಗೆಗೆ ಕೊಟ್ಟು ಇಂದು ಒಂದು, ನಾಳೆ ಇನ್ನೊಂದು ಟ್ರ್ಯಾಕ್ಟರ್ ಎಳೆಯುವಾಗ. ಅಂಥದ್ದನ್ನು ಕೊಳ್ಳುವುದಾದರೆ ಬಣ್ಣ ಮತ್ತು ರಿಮೋಟಿಗಿಂತ ಮೊದಲು ಕೇಬಲ್ ನೋಡಬೇಕು. 12 ವೋಲ್ಟಿನ ಪವರ್ ಪ್ಯಾಕ್ (ಮೋಟಾರ್, ಪಂಪು, ಎಣ್ಣೆ ಟ್ಯಾಂಕ್ ಸೇರಿದ ಜೋಡಣೆ) ಮೋಟಾರ್ ಭಾರ ಎತ್ತುವಾಗ 150 ಆಂಪಿಯರ್ ಎಳೆಯುವುದು ಸಾಮಾನ್ಯ. ಒಂದು ಚದರ ಮಿಲಿಮೀಟರ್ ದಪ್ಪ, ಒಂದು ಮೀಟರ್ ಉದ್ದದ ತಾಮ್ರದ ತಂತಿಗೆ ಸುಮಾರು 0.0175 ಓಮ್ ರೋಧವಿರುತ್ತದೆ. ಬ್ಯಾಟರಿ ಟ್ರ್ಯಾಕ್ಟರಿನಲ್ಲೇ ಇದ್ದು, ಅಲ್ಲಿಂದ ಮೋಟಾರಿಗೆ ಹೋಗಿ ಬರುವ ತಂತಿ ಒಟ್ಟು 12 ಮೀಟರ್ ಆದರೆ, 35 ಚದರ ಮಿಲಿಮೀಟರ್ ಕೇಬಲ್ಲಿನಲ್ಲಿ ದಾರಿಯಲ್ಲೇ 0.9 ವೋಲ್ಟ್ ನಷ್ಟವಾಗುತ್ತದೆ. 10 ಚದರ ಮಿಲಿಮೀಟರಿನದ್ದಾದರೆ 3 ವೋಲ್ಟಿಗೂ ಹೆಚ್ಚು. 12ರಲ್ಲಿ 3 ಹೋದ ಮೇಲೆ ಉಳಿದದ್ದರಲ್ಲಿ ಮೋಟಾರ್ ಏದುಸಿರು ಬಿಡುತ್ತದೆ, ಬಿಸಿಯಾಗುತ್ತದೆ, ಒಳಗೆ ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ಕಾರ್ಬನ್ ಬ್ರಷ್ ಸುಡುತ್ತದೆ. ಆದ್ದರಿಂದ ಬ್ಯಾಟರಿ ಟ್ರೇಲರಿನ ಮೇಲೆಯೇ, ಮೋಟಾರಿನ ಪಕ್ಕದಲ್ಲೇ ಇರಬೇಕು. ಇಬ್ಬದಿಗೂ 35 ಚದರ ಮಿಲಿಮೀಟರಿಗೆ ಕಡಿಮೆಯಿಲ್ಲದ ಗಿಡ್ಡ ಕೇಬಲ್ ಬೇಕು. ಅರ್ತ್ ಕೇಬಲ್ ಚಾಸಿಸ್ಸಿಗೆ ಮಾತ್ರವಲ್ಲದೆ ನೇರವಾಗಿ ಮೋಟಾರಿನ ಮೈಗೂ ತಲುಪಬೇಕು. ಬ್ಯಾಟರಿಯ ಪ್ಲಸ್ ಪಕ್ಕದಲ್ಲೇ, ಪವರ್ ಪ್ಯಾಕ್ ತಯಾರಕರು ಸೂಚಿಸಿದ ಅಳತೆಯ ದೊಡ್ಡ ಫ್ಯೂಸ್ ಇರಬೇಕು. ತಯಾರಕರು ಇವಿಷ್ಟನ್ನು ಬರೆದು ಕೊಡಲು ಹಿಂಜರಿದರೆ ಬೇರೆ ಕಡೆ ವಿಚಾರಿಸಿ. ತೂಬಿನಕೆರೆ, ಮೇಟಗಳ್ಳಿ, ಹೆಬ್ಬಾಳ ಹೀಗೆ ಸುತ್ತಲೂ ಕೈಗಾರಿಕಾ ಪ್ರದೇಶಗಳಿರುವ ನಮ್ಮಲ್ಲಿ ಒಳ್ಳೆಯ ಕೇಬಲ್ಲು, ಒತ್ತಿ ಕೂರಿಸಿದ ಒಳ್ಳೆಯ ಲಗ್ಗು (ಬೋಲ್ಟಿಗೆ ಸಿಕ್ಕಿಸುವ ಕೇಬಲ್ ತುದಿಯ ಲೋಹದ ಉಂಗುರ) ದೊರೆಯುವುದು ಕಷ್ಟವೇನಲ್ಲ.

ಕಾಗದಪತ್ರದ ಮಾತನ್ನೂ ಚಿಕ್ಕದಾಗಿ ಹೇಳಿಬಿಡುತ್ತೇವೆ. ಟ್ರೇಲರಿಗೂ ಪ್ರತ್ಯೇಕ ನೋಂದಣಿ ಬೇಕು. 1988ರ ಮೋಟಾರು ವಾಹನ ಕಾಯ್ದೆಯ 61ನೇ ಸೆಕ್ಷನ್ ಪ್ರಕಾರ ಟ್ರೇಲರಿನ ಪಕ್ಕದಲ್ಲಿ ಅದರ ಸಂಖ್ಯೆ ಬರೆಸಿರಬೇಕು, ಜೊತೆಗೆ ಎಳೆಯುವ ಟ್ರ್ಯಾಕ್ಟರಿನ ಸಂಖ್ಯೆಯೂ ಟ್ರೇಲರಿನ ಮೇಲೆ ಕಾಣಬೇಕು. ಕೃಷಿ ಬಳಕೆಗೆಂದು ವಿಮೆ ಮಾಡಿಸಿ ಬಾಡಿಗೆಗೆ ಎಂ-ಸ್ಯಾಂಡ್ ಹೊಡೆದರೆ ಅಪಘಾತದ ದಿನ ವಿಮಾ ಹಣಕ್ಕೆ ತಕರಾರು ಬರಬಹುದು, ಅದನ್ನು ಮೊದಲೇ ಇತ್ಯರ್ಥ ಮಾಡಿಕೊಳ್ಳಿ.

ಪ್ರಶ್ನೆ: ಸರ್, ನಮ್ಮ ಬ್ಯಾಟರಿ ಟ್ರೇಲರಿನಲ್ಲಿ ಮೇಲೆತ್ತುವ ಗುಂಡಿ ಒತ್ತಿದರೆ ಟಕ್ ಎಂದು ಒಂದು ಸಲ ಸದ್ದಾಗುತ್ತದೆ, ಮೋಟಾರ್ ಮಾತ್ರ ತಿರುಗುವುದಿಲ್ಲ. ಕೆಲವೊಮ್ಮೆ ತಾನಾಗಿ ತಿರುಗಿ ತೊಟ್ಟಿ ನಿಧಾನವಾಗಿ ಏಳುತ್ತದೆ. ಆಯುಧಪೂಜೆಗೆ ಮುಂಚೆ ಟ್ರೇಲರನ್ನು ಉಜ್ಜಿಸಿ ಹೊಸ ಬಣ್ಣ ಹೊಡೆಸಿದ್ದೆವು, ಅಲ್ಲಿಯವರೆಗೆ ಸರಿಯಾಗಿತ್ತು. ಹೊಸ ಬ್ಯಾಟರಿ ಹಾಕಿಸಿದೆವು, ಪ್ರಯೋಜನವಾಗಲಿಲ್ಲ. ಈಗ ಮೋಟಾರ್ ರೀವೈಂಡಿಂಗ್ ಮಾಡಿಸಬೇಕೆಂದು ಎಲೆಕ್ಟ್ರಿಷಿಯನ್ ಹೇಳುತ್ತಿದ್ದಾರೆ.
– ಓದುಗರು, ಶ್ರೀರಂಗಪಟ್ಟಣ ತಾಲ್ಲೂಕು

ಉತ್ತರ: ಮೋಟಾರ್ ಬಿಚ್ಚಿಸುವುದನ್ನು ದಯವಿಟ್ಟು ತಡೆಯಿರಿ. ನಿಮ್ಮ ಪತ್ರದಲ್ಲೇ ದೋಷದ ಜಾಡು ಇದೆ. ಟಕ್ ಎಂದು ಒಂದು ಸಲ ಸ್ಪಷ್ಟವಾಗಿ ಸದ್ದಾಗುತ್ತಿದೆ ಎಂದರೆ ರಿಮೋಟ್, ಅದರ ಸಣ್ಣ ತಂತಿಗಳು ಮತ್ತು ಸೊಲೆನಾಯ್ಡಿನ (ಮೋಟಾರಿಗೆ ದೊಡ್ಡ ಕರೆಂಟ್ ಬಿಡುವ ವಿದ್ಯುತ್ ಸ್ವಿಚ್ಚಿನ) ಸುರುಳಿ ಬಹುಮಟ್ಟಿಗೆ ಸರಿಯಾಗಿವೆ. ಒಂದೇ ಸದ್ದಿನ ಬದಲು ಟಕಟಕ ಎಂದು ಮೇಲಿಂದ ಮೇಲೆ ಬಡಿದುಕೊಂಡಿದ್ದರೆ ಸೋತ ಬ್ಯಾಟರಿಯನ್ನೋ ಸಡಿಲ ಟರ್ಮಿನಲ್ಲನ್ನೋ ಶಂಕಿಸಬೇಕಿತ್ತು. ಈಗ ಉಳಿದಿರುವುದು ದಪ್ಪ ಕೇಬಲ್ಲುಗಳ ದಾರಿ, ಸೊಲೆನಾಯ್ಡಿನ ಒಳಗಿನ ಸಂಪರ್ಕ ಬಿಂದುಗಳು ಮತ್ತು ಮೋಟಾರಿನ ಕಾರ್ಬನ್ ಬ್ರಷ್. ಬಣ್ಣ ಹೊಡೆಸಿದ ಮೇಲೆ ತೊಂದರೆ ಶುರುವಾಗಿದ್ದರಿಂದ ನಾವು ಮೊದಲು ಅರ್ತ್ ಲಗ್ಗಿನ ಕೆಳಗೆ ನೋಡುತ್ತೇವೆ. ಬಣ್ಣ ವಿದ್ಯುತ್ತನ್ನು ಹರಿಯಗೊಡುವುದಿಲ್ಲ. ಬೋಲ್ಟನ್ನು ಎಷ್ಟೇ ಬಿಗಿ ಮಾಡಿದರೂ ಲಗ್ಗಿನ ಅಡಿಯಲ್ಲಿ ಬಣ್ಣದ ಪದರ ಉಳಿದಿದ್ದರೆ ಅಲ್ಲೊಂದು ಇಲ್ಲೊಂದು ಚುಕ್ಕೆಯಷ್ಟು ಜಾಗದಲ್ಲಿ ಮಾತ್ರ ಲೋಹಕ್ಕೆ ಲೋಹ ತಾಗುತ್ತದೆ. 0.01 ಓಮ್‌ನಷ್ಟು ಅಡಚಣೆಯೇ 150 ಆಂಪಿಯರ್ ಹರಿಯುವಾಗ ಒಂದೂವರೆ ವೋಲ್ಟನ್ನು ನುಂಗುತ್ತದೆ.

ಇಲ್ಲಿ ಬಹಳ ಮಂದಿ ಎಡವುವುದು ಅಳೆಯುವ ರೀತಿಯಲ್ಲಿ. ಗುಂಡಿ ಒತ್ತದೆ ಮಲ್ಟಿಮೀಟರ್ ಹಿಡಿದರೆ ಕೊಳೆತ ಕೇಬಲ್ಲಿನ ತುದಿಯಲ್ಲೂ 12.6 ವೋಲ್ಟ್ ಕಾಣಿಸುತ್ತದೆ. ಗೇಟ್ ವಾಲ್ವ್ ಮುಚ್ಚಿದ ಪಂಪ್‌ಸೆಟ್ಟಿನ ಪೈಪಿನಲ್ಲಿ ಒತ್ತಡ ಪೂರ್ತಿ ಇದ್ದು, ತೆರೆದ ಕೂಡಲೇ ಪೈಪು ಎಲ್ಲಿ ಕಟ್ಟಿಕೊಂಡಿದೆ ಎಂದು ತಿಳಿಯುವಂತೆ, ವಿದ್ಯುತ್ ಹರಿಯುವಾಗ ಅಳೆದರೆ ಮಾತ್ರ ದೋಷ ಗೊತ್ತಾಗುತ್ತದೆ. ಹಾಗಾಗಿ ಒಬ್ಬರು ಗುಂಡಿ ಒತ್ತಿ ಹಿಡಿದಿರಲಿ, ಇನ್ನೊಬ್ಬರು ಮೀಟರ್ ಹಿಡಿಯಲಿ. ತೊಟ್ಟಿಯ ಮೇಲಾಗಲೀ ಕೆಳಗಾಗಲೀ ಯಾರೂ ಇರಬಾರದು.

ಮೊದಲು ಮೀಟರಿನ ಎರಡು ಕಡ್ಡಿಗಳನ್ನು ಬ್ಯಾಟರಿಯ ಸೀಸದ ಗೂಟಗಳ ಮೇಲೆಯೇ ಇಡಿ, ಕ್ಲಾಂಪಿನ ಮೇಲಲ್ಲ. ಗುಂಡಿ ಒತ್ತಿದಾಗ ವೋಲ್ಟೇಜ್ 12.6ರಿಂದ ಕದಲದಿದ್ದರೆ ಮೋಟಾರಿಗೆ ವಿದ್ಯುತ್ ಹರಿಯುತ್ತಲೇ ಇಲ್ಲ, ದಾರಿ ಎಲ್ಲೋ ಕಡಿದಿದೆ. ಅದು 10ಕ್ಕಿಂತ ಕೆಳಗೆ ಕುಸಿದರೆ ಬ್ಯಾಟರಿ ಬಲಹೀನವಾಗಿದೆ, ಇಲ್ಲವೇ ಮೋಟಾರ್ ಅಥವಾ ಪಂಪು ಹಿಡಿದುಕೊಂಡಿದೆ. ಅನಂತರ ಒಂದು ಕಡ್ಡಿಯನ್ನು ಬ್ಯಾಟರಿಯ ಮೈನಸ್ ಗೂಟದ ಮೇಲೂ, ಇನ್ನೊಂದನ್ನು ಮೋಟಾರಿನ ಬಣ್ಣವಿಲ್ಲದ ಮೈಮೇಲೂ ಇಟ್ಟು ಗುಂಡಿ ಒತ್ತಿಸಿ. ಅಲ್ಲಿ ಕಾಣುವುದಷ್ಟೂ ಅರ್ತ್ ದಾರಿಯಲ್ಲಿ ಸೋರಿಹೋದ ವೋಲ್ಟೇಜ್. ಅದು ಅರ್ಧ ವೋಲ್ಟಿನೊಳಗಿರಬೇಕು. ನಿಮ್ಮಲ್ಲಿ ಅದು ಕೆಲವು ವೋಲ್ಟ್ ತೋರಿಸಿದರೆ ಆಶ್ಚರ್ಯವಿಲ್ಲ. ಹಾಗಿದ್ದರೆ ಲಗ್ಗು ಬಿಚ್ಚಿ, ಚಾಸಿಸ್ಸನ್ನು ಹೊಳೆಯುವ ತನಕ ಉಜ್ಜಿ, ನಕ್ಷತ್ರ ವಾಷರ್ ಹಾಕಿ ಬಿಗಿದು, ಬಿಗಿದ ಮೇಲೆ ಗ್ರೀಸ್ ಸವರಿ. ಬಣ್ಣ ಬೇಕಿದ್ದರೆ ಆಮೇಲೆ ಹೊರಗಿನಿಂದ ಹೊಡೆಯಬಹುದು.

ಅರ್ತ್ ಸರಿಯಿದ್ದರೆ ಸೊಲೆನಾಯ್ಡಿನ ಎರಡು ದೊಡ್ಡ ಬೋಲ್ಟುಗಳ ನಡುವೆ ಅಳೆಯಿರಿ. ಗುಂಡಿ ಒತ್ತದಿರುವಾಗ ಅಲ್ಲಿ 12 ವೋಲ್ಟ್ ಇದ್ದು, ಒತ್ತಿದಾಗ ಸೊನ್ನೆಯ ಹತ್ತಿರಕ್ಕೆ ಇಳಿಯಬೇಕು. ಸದ್ದು ಬಂದರೂ 12 ಹಾಗೆಯೇ ನಿಂತರೆ ಒಳಗಿನ ತಾಮ್ರದ ಬಿಂದುಗಳು ಸುಟ್ಟಿವೆ, ಸೊಲೆನಾಯ್ಡ್ ಬದಲಿಸಿದರೆ ಮುಗಿಯಿತು. ಪ್ಲಸ್ ಮತ್ತು ಅರ್ತ್ ಎರಡೂ ದಾರಿ ಚೊಕ್ಕವಾಗಿದ್ದು, ಮೋಟಾರಿನ ಬೋಲ್ಟಿಗೂ ಮೈಗೂ ನಡುವೆ 11 ವೋಲ್ಟಿಗಿಂತ ಹೆಚ್ಚು ತಲುಪಿದರೂ ಮೋಟಾರ್ ತಿರುಗದಿದ್ದಾಗ ಮಾತ್ರ ಮೋಟಾರನ್ನು ದೂಷಿಸಬಹುದು. ಆಗಲೂ ಗುಂಡಿ ಒತ್ತಿ ಹಿಡಿದು ಮೋಟಾರಿನ ಮೈಗೆ ಮರದ ಕೊಡತಿಯಿಂದ ಮೆಲ್ಲಗೆ ತಟ್ಟಿ ನೋಡಿ. ತಿರುಗಿದರೆ ಕಾರ್ಬನ್ ಬ್ರಷ್ ಸವೆದಿದೆ ಎಂದರ್ಥ. ಬ್ರಷ್ ಬದಲಿಸುವ ಖರ್ಚಿಗೂ ರೀವೈಂಡಿಂಗ್ ಖರ್ಚಿಗೂ ಹೋಲಿಕೆಯೇ ಇಲ್ಲ. ಸೊಲೆನಾಯ್ಡಿನ ಎರಡು ದೊಡ್ಡ ಬೋಲ್ಟುಗಳನ್ನು ಸ್ಪ್ಯಾನರಿನಿಂದ ನೇರ ಸೇರಿಸಿ ಮೋಟಾರ್ ಓಡಿಸುವ ರೂಢಿ ನಮ್ಮ ಗ್ಯಾರೇಜುಗಳಲ್ಲಿದೆ. ಆ ಕಿಡಿಯಿಂದ ಕೈ ಸುಟ್ಟುಕೊಳ್ಳಬಹುದು, ಬ್ಯಾಟರಿಯ ಮೇಲೆ ನಿಂತ ಹೈಡ್ರೋಜನ್ ಹೊತ್ತಿಕೊಳ್ಳಬಹುದು, ಅದನ್ನು ಖಂಡಿತ ಮಾಡಿಸಬೇಡಿ.

ಒಂದು ಮಾತು ಸೇರಿಸಬೇಕು. ಈ ಮೋಟಾರುಗಳು ಕೊಂಚ ಹೊತ್ತು ಓಡಿ ತಣಿಯಲೆಂದು ಮಾಡಿದವು. ಜಾಕ್ ಪೂರ್ತಿ ಚಾಚಿದ ಮೇಲೂ ಗುಂಡಿ ಬಿಡದೆ ಹಿಡಿದರೆ ಎಣ್ಣೆ, ಒತ್ತಡ ಮಿತಿ ಮೀರಿದಾಗ ತೆರೆಯುವ ರಿಲೀಫ್ ವಾಲ್ವಿನಲ್ಲಿ ಕಿರುಗುಟ್ಟುತ್ತಾ ಹಾಯುತ್ತದೆ ಮತ್ತು ಮೋಟಾರ್ ಅತಿ ಹೆಚ್ಚಿನ ಕರೆಂಟ್ ಎಳೆಯುವುದು ಆ ಹೊತ್ತಿನಲ್ಲೇ. ತೊಟ್ಟಿಯಲ್ಲಿ ಅಂಟಿಕೊಂಡ ಕೆರೆಗೋಡನ್ನು ಕೆಡವಲು ಗುಂಡಿಯನ್ನು ಒತ್ತುತ್ತಲೇ ಇರುವ ಅಭ್ಯಾಸ ಎಷ್ಟೋ ಸೊಲೆನಾಯ್ಡುಗಳನ್ನು ಸುಟ್ಟಿದೆ.

ಪ್ರಶ್ನೆ: ತೊಟ್ಟಿ ಚೆನ್ನಾಗಿ ಏಳುತ್ತದೆ, ಸರಕೂ ಬೀಳುತ್ತದೆ. ಇಳಿಸುವ ಗುಂಡಿ ಒತ್ತಿದರೆ ಮಾತ್ರ ಇಳಿಯುವುದಿಲ್ಲ. ನಮ್ಮ ಹುಡುಗ ಕೆಳಗೆ ಹೋಗಿ ಪಂಪಿನ ಮೇಲಿರುವ ಸುರುಳಿಗೆ ಸುತ್ತಿಗೆಯಿಂದ ತಟ್ಟಿದ ಮೇಲೆ ಇಳಿಯುತ್ತದೆ.
– ಓದುಗರು, ಪಾಂಡವಪುರ

ಉತ್ತರ: ನಿಮ್ಮ ಹುಡುಗನನ್ನು ಇನ್ನು ಮುಂದೆ ಎತ್ತಿದ ತೊಟ್ಟಿಯ ಕೆಳಗೆ ಕಳುಹಿಸಬೇಡಿ. ಅವನು ತಟ್ಟುತ್ತಿರುವುದು ಟನ್ನುಗಟ್ಟಲೆ ಕಬ್ಬಿಣವನ್ನು ಮೇಲೆ ಹಿಡಿದಿರುವ ಏಕೈಕ ವಾಲ್ವನ್ನು. ಅದು ಒಮ್ಮೆಲೇ ತೆರೆದರೆ ಹೊರಗೆ ಬರಲು ಸಮಯವಿರುವುದಿಲ್ಲ. ಚಾಸಿಸ್ಸಿಗೂ ತೊಟ್ಟಿಗೂ ನಡುವೆ ನಿಲ್ಲಿಸುವ ಕಬ್ಬಿಣದ ಆಸರೆಗೋಲು ಟ್ರೇಲರಿನ ಜೊತೆಗೆ ಬಂದಿರಬೇಕು, ಬಂದಿಲ್ಲದಿದ್ದರೆ ಇಂದೇ ಮಾಡಿಸಿ. ಜಾಕಿನಲ್ಲಿ ಎಣ್ಣೆ ನಿಂತಿದೆ ಎಂಬ ನಂಬಿಕೆಯ ಮೇಲೆ ಯಾವ ಕೆಲಸವನ್ನೂ ಮಾಡಬಾರದು.

ಸಾಮಾನ್ಯ ಟಿಪ್ಪಿಂಗ್ ಟ್ರೇಲರಿನಲ್ಲಿ ತೊಟ್ಟಿ ಏಳುವುದು ಮೋಟಾರಿನಿಂದ, ಇಳಿಯುವುದು ತನ್ನ ಭಾರದಿಂದ. ಇಳಿಸುವ ಗುಂಡಿ ಮೋಟಾರನ್ನು ಓಡಿಸದೆ, ಎಣ್ಣೆ ಟ್ಯಾಂಕಿಗೆ ಹಿಂತಿರುಗುವ ಸಣ್ಣ ವಾಲ್ವನ್ನು ವಿದ್ಯುತ್ ಸುರುಳಿಯಿಂದ ತೆರೆಯುತ್ತದೆ. ತೊಟ್ಟಿ ಕೆಳಗಿರುವಾಗ ಒಬ್ಬರು ಗುಂಡಿ ಒತ್ತಿ ಹಿಡಿದಿರಲಿ, ನೀವು ಸುರುಳಿಯ ತಲೆಯ ನಟ್ಟಿಗೆ ಸ್ಕ್ರೂಡ್ರೈವರ್ ತಾಗಿಸಿ. ಅದು ಅಯಸ್ಕಾಂತದಂತೆ ಹಿಡಿದುಕೊಂಡರೆ ವಿದ್ಯುತ್ ಸರಿಯಿದೆ, ವಾಲ್ವಿನ ಒಳಗೆ ಕಸ ಸಿಕ್ಕಿದೆ ಅಥವಾ ನೀರು ಸೇರಿ ತುಕ್ಕು ಹಿಡಿದಿದೆ. ಎಣ್ಣೆ ಹಾಲಿನಂತೆ ಬೆಳ್ಳಗಾಗಿದ್ದರೆ ಅದನ್ನು ಪೂರ್ತಿ ಬದಲಿಸಿ, ವಾಲ್ವನ್ನು ತೆಗೆಸಿ ತೊಳೆಸಬೇಕು. ಹಿಡಿದುಕೊಳ್ಳದಿದ್ದರೆ ಸುರುಳಿಗೆ 12 ವೋಲ್ಟ್ ಬರುತ್ತಿದೆಯೇ ನೋಡಿ. ಬರುತ್ತಿದ್ದರೆ ಸುರುಳಿ ಕೆಟ್ಟಿದೆ. ಬಾರದಿದ್ದರೆ ರಿಮೋಟಿನ ಕೇಬಲ್ ನೋಡಿ. ರಿಮೋಟಿನ ಒಳಗೆ ಹೋಗುವ ಕುತ್ತಿಗೆಯ ಬಳಿ, ಹೊರಗಿನ ರಬ್ಬರ್ ಚೆನ್ನಾಗಿದ್ದರೂ ಒಳಗಿನ ತಂತಿ ತುಂಡಾಗಿರುವುದು ಮಾಮೂಲು. ನೀವು ತಟ್ಟಿದಾಗ ಇಳಿಯುತ್ತಿರುವುದರಿಂದ ವಾಲ್ವಿನೊಳಗೆ ಕಸವೇ ಇರಬಹುದೆಂದು ನಮ್ಮ ಊಹೆ.

ತೊಟ್ಟಿ ಮೇಲೆಯೇ ನಿಂತುಹೋದಾಗ ಅದೇ ಸ್ಥಿತಿಯಲ್ಲಿ ಟ್ರ್ಯಾಕ್ಟರ್ ಹೊಡೆದುಕೊಂಡು ಹೋಗುವವರಿದ್ದಾರೆ. ನಮ್ಮ ಗದ್ದೆಬಯಲಿನಲ್ಲಿ ಪಂಪ್‌ಸೆಟ್ ಲೈನುಗಳು ಜೋತುಬಿದ್ದಿರುತ್ತವೆ. ಎತ್ತಿದ ತೊಟ್ಟಿ ತಂತಿಗೆ ತಾಗಿದರೆ ಚಾಲಕನ ಪ್ರಾಣಕ್ಕೇ ಅಪಾಯ. ಪವರ್ ಪ್ಯಾಕಿನಲ್ಲಿ ಕೈಯಿಂದ ಇಳಿಸುವ ತಿರುಪು ಇದ್ದರೆ, ಅದು ಎಲ್ಲಿದೆ, ತೊಟ್ಟಿಯ ಹೊರಗೆ ನಿಂತೇ ಅದನ್ನು ತಲುಪಲು ಸಾಧ್ಯವೇ ಎಂದು ಇಂದೇ ತಿಳಿದುಕೊಳ್ಳಿ.

ಪ್ರಶ್ನೆ: ಟ್ರೇಲರಿನಲ್ಲಿರುವ 80 ಆಂಪಿಯರ್-ಅವರ್ ಬ್ಯಾಟರಿ ಎರಡೇ ದಿನಕ್ಕೆ ಇಳಿದುಹೋಗುತ್ತದೆ. ದಿನಕ್ಕೆ ಹತ್ತು ಹನ್ನೆರಡು ಲೋಡ್ ಹೊಡೆಯುತ್ತೇವೆ. ಟ್ರ್ಯಾಕ್ಟರಿನಿಂದ ಚಾರ್ಜ್ ಆಗಲು ತಂತಿ ಎಳೆದಿದ್ದಾರೆ. ದೊಡ್ಡ ಬ್ಯಾಟರಿ ಹಾಕಿಸಬೇಕೇ?
– ಓದುಗರು, ತಿ. ನರಸೀಪುರ

ಉತ್ತರ: ದೊಡ್ಡ ಬ್ಯಾಟರಿ ಹಾಕಿಸಿದರೆ ಎರಡು ದಿನದ ಬದಲು ಮೂರನೆಯ ದಿನ ಇಳಿಯುತ್ತದೆ, ಅಷ್ಟೇ. ಲೆಕ್ಕ ನೋಡೋಣ. ಒಮ್ಮೆ ಎತ್ತಲು 25 ಸೆಕೆಂಡು 150 ಆಂಪಿಯರ್ ಹರಿದರೆ ಖರ್ಚಾಗುವುದು ಸುಮಾರು 1 ಆಂಪಿಯರ್-ಅವರ್. ಹನ್ನೆರಡು ಲೋಡಿಗೆ 12 ಅಥವಾ 13. ಏನೂ ಚಾರ್ಜ್ ಆಗದಿದ್ದರೂ ಆರೋಗ್ಯವಾಗಿರುವ 80ರ ಬ್ಯಾಟರಿ ಮೂರು ದಿನ ದುಡಿದ ಮೇಲೆಯೇ ಅರ್ಧಕ್ಕೆ ಬರಬೇಕು. ಅಂದರೆ ನಿಮ್ಮಲ್ಲಿ ಬ್ಯಾಟರಿಯೇ ಒಳಗೆ ಸೋತಿರಬೇಕು, ಇಲ್ಲವೇ ಕೆಲಸವಿಲ್ಲದ ಹೊತ್ತಿನಲ್ಲೂ ವಿದ್ಯುತ್ ಎಲ್ಲೋ ಸೋರುತ್ತಿರಬೇಕು. ಎರಡರಲ್ಲಿ ಯಾವುದಾದರೂ ಚಾರ್ಜಿಂಗ್ ತಂತಿ ತನ್ನ ಕೆಲಸ ಮಾಡುತ್ತಿಲ್ಲವೆಂಬುದು ನಿಶ್ಚಿತ.

ಇಂಜಿನ್ ಓಡುತ್ತಿರುವಾಗ ಟ್ರ್ಯಾಕ್ಟರಿನ ಬ್ಯಾಟರಿಯ ಮೇಲೆ 13.8ರಿಂದ 14.4 ವೋಲ್ಟ್ ಇರಬೇಕು. ಅದೇ ಹೊತ್ತಿನಲ್ಲಿ ಟ್ರೇಲರಿನ ಬ್ಯಾಟರಿಯ ಮೇಲೆ ಅಳೆದಾಗ 12.8ರ ಆಸುಪಾಸಿನಲ್ಲಿದ್ದರೆ ತಂತಿ ಸಾಲದು. ಮನೆಯ ಸ್ವಿಚ್ ಬೋರ್ಡಿಗೆ ಎಳೆಯುವ 1.5 ಚದರ ಮಿಲಿಮೀಟರ್ ತಂತಿಯನ್ನೇ ಇದಕ್ಕೂ ಬಳಸುವುದುಂಟು. ಹೋಗಿ ಬರುವ 12 ಮೀಟರಿನಲ್ಲಿ 10 ಆಂಪಿಯರ್ ಹರಿಯುವಷ್ಟರಲ್ಲೇ ಅದರಲ್ಲಿ 1.4 ವೋಲ್ಟ್ ನಷ್ಟವಾಗುತ್ತದೆ, ಆಮೇಲೆ ಚಾರ್ಜ್ ತೀರಾ ನಿಧಾನವಾಗುತ್ತದೆ. ಕನಿಷ್ಠ 6 ಚದರ ಮಿಲಿಮೀಟರಿನ ಎರಡು ತಂತಿ ಎಳೆಸಿ. ಅರ್ತಿಗೆಂದು ಹುಕ್ಕಿನ ಪಿನ್ನನ್ನು ನೆಚ್ಚಬೇಡಿ. ಟ್ರ್ಯಾಕ್ಟರಿನ ತುದಿಯಲ್ಲೂ ಟ್ರೇಲರಿನ ತುದಿಯಲ್ಲೂ ಒಂದೊಂದು ಫ್ಯೂಸ್ ಇರಲಿ. ಎರಡು ಬ್ಯಾಟರಿಗಳಿಂದಲೂ ಕರೆಂಟ್ ಬರುವ ಈ ತಂತಿ ಎಲ್ಲಿ ಉಜ್ಜಿ ಚಾಸಿಸ್ಸಿಗೆ ತಾಗಿದರೂ ಎರಡೂ ಕಡೆಯಿಂದ ಬೆಂಕಿಗೆ ದಾರಿಯಾಗುತ್ತದೆ.

ಸೋರಿಕೆಯನ್ನು ರಾತ್ರಿ ನಿಲ್ಲಿಸಿದ ಮೇಲೆ ನೋಡಬಹುದು. ಬ್ಯಾಟರಿಯ ಮೈನಸ್ ಕೇಬಲ್ ಬಿಚ್ಚಿ, ಮೀಟರನ್ನು 10 ಆಂಪಿಯರ್ ಸ್ಥಾನಕ್ಕೆ ಹಾಕಿ ಗೂಟಕ್ಕೂ ಕೇಬಲ್ಲಿಗೂ ನಡುವೆ ಹಿಡಿಯಿರಿ. ಆಗ ರಿಮೋಟಿನ ಗುಂಡಿ ಒತ್ತಿದರೆ ಮೀಟರಿನ ಫ್ಯೂಸ್ ಹೋಗುತ್ತದೆ, ಆದ್ದರಿಂದ ರಿಮೋಟನ್ನು ದೂರ ಇಡಿ. ಅರ್ಧ ಆಂಪಿಯರ್ ಕಂಡರೂ ಒಂದು ದಿನರಾತ್ರಿಗೆ 12 ಆಂಪಿಯರ್-ಅವರ್ ಖಾಲಿಯಾಗುತ್ತಿದೆ, ಅಂದರೆ ನಿಮ್ಮ ದಿನದ ದುಡಿಮೆಯಷ್ಟೇ ಇನ್ನೊಂದು. ಸೋರಿಕೆ ಇಲ್ಲದಿದ್ದರೆ ಬ್ಯಾಟರಿಯನ್ನು ಅಂಗಡಿಯಲ್ಲಿ ಪೂರ್ತಿ ಚಾರ್ಜ್ ಮಾಡಿಸಿ, ಲೋಡ್ ಹಾಕಿ ಪರೀಕ್ಷಿಸಲು ಹೇಳಿ. ಚಾರ್ಜಾಗಿ ಕೆಲವು ಗಂಟೆ ತಣಿದ ಬ್ಯಾಟರಿ 12.6 ತೋರಿಸಬೇಕು, 12.2 ಎಂದರೆ ಅರ್ಧ ಖಾಲಿ. ಅರ್ಧ ಖಾಲಿಯಾದ ಸೀಸದ ಬ್ಯಾಟರಿಯನ್ನು ವಾರಗಟ್ಟಲೆ ಹಾಗೆಯೇ ಬಿಟ್ಟರೆ ಫಲಕಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಅದು ಮತ್ತೆ ಚೇತರಿಸಿಕೊಳ್ಳುವುದು ಕಷ್ಟ.

ಪ್ರಶ್ನೆ: ಎಡ ಇಂಡಿಕೇಟರ್ ಹಾಕಿದರೆ ಟ್ರೇಲರಿನ ಎಲ್ಲ ದೀಪಗಳೂ ಮಿಣುಕುತ್ತವೆ, ಬ್ರೇಕ್ ಒತ್ತಿದರೆ ಹಿಂದಿನ ದೀಪ ಮಂಕಾಗುತ್ತದೆ. ಟ್ರ್ಯಾಕ್ಟರಿನ ದೀಪಗಳು ಸರಿಯಾಗಿವೆ.
– ಓದುಗರು, ಕೃಷ್ಣರಾಜಪೇಟೆ

ಉತ್ತರ: ಇದು ಅರ್ತ್ ಇಲ್ಲದ ದೀಪಗಳ ಲಕ್ಷಣ, ಬೇರೇನನ್ನೂ ಬಿಚ್ಚುವ ಅಗತ್ಯವಿಲ್ಲ. ಟ್ರೇಲರಿನಿಂದ ಟ್ರ್ಯಾಕ್ಟರಿಗೆ ಹಿಂತಿರುಗುವ ದಾರಿ ಕಡಿದಾಗ ಇಂಡಿಕೇಟರಿನ ಕರೆಂಟು ಪಕ್ಕದ ಬಲ್ಬುಗಳ ತಂತುವಿನ ಮೂಲಕ ಸುತ್ತಿ ಬಳಸಿ ಹಿಂದಕ್ಕೆ ಹೋಗಲು ನೋಡುತ್ತದೆ, ಆಗ ಎಲ್ಲವೂ ಸೇರಿ ಮಿಣುಕುತ್ತವೆ. ಪ್ಲಗ್ಗಿನಲ್ಲಿ ಅರ್ತಿಗೆ ಪ್ರತ್ಯೇಕ ತಂತಿ ಇಲ್ಲದೆ ಹುಕ್ಕಿನ ಪಿನ್ನಿನ ಮೂಲಕವೇ ಅರ್ತ್ ಆಗುವಂತೆ ಬಿಟ್ಟಿರುತ್ತಾರೆ. ಪಿನ್ನಿಗೆ ಗ್ರೀಸ್ ಮೆತ್ತಿರುತ್ತದೆ, ಚಕ್ರ ರಸ್ತೆಯ ಗುಂಡಿಗೆ ಬಿದ್ದಾಗ ಅದು ಕುಣಿಯುತ್ತದೆ. ಏಳು ಪಿನ್ನಿನ ಪ್ಲಗ್ ಹಾಕಿಸಿ, ಅದರಲ್ಲಿ ಅರ್ತಿಗೆ ಉಳಿದವುಗಳಿಗಿಂತ ದಪ್ಪ ತಂತಿ ಎಳೆಸಿ. ಟ್ರೇಲರ್ ಪ್ಲಗ್ಗಿನ ಅಂತರರಾಷ್ಟ್ರೀಯ ಮಾನಕವಾದ ಐಎಸ್‌ಒ 1724 ಮಾದರಿಯಲ್ಲಿ ಬಿಳಿ ತಂತಿ ಅರ್ತ್, ಹಳದಿ ಎಡ ಇಂಡಿಕೇಟರ್, ಹಸಿರು ಬಲ, ಕೆಂಪು ಬ್ರೇಕ್, ಕಂದು ಮತ್ತು ಕಪ್ಪು ಹಿಂದಿನ ದೀಪಗಳು. ನಮ್ಮ ಕಡೆ ಕೈಗೆ ಸಿಕ್ಕ ಬಣ್ಣದ ತಂತಿ ಹಾಕುವುದೂ ಇರುವುದರಿಂದ ಬಣ್ಣ ನಂಬದೆ ಟೆಸ್ಟ್ ಲ್ಯಾಂಪಿನಿಂದ ಖಚಿತ ಮಾಡಿಕೊಳ್ಳಿ.

ಇದನ್ನು ಮುಂದೂಡಬೇಡಿ. 2023ರ ಆಗಸ್ಟ್ 1ರಿಂದ ಬೆಂಗಳೂರು-ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ ಟ್ರ್ಯಾಕ್ಟರುಗಳಿಗೆ ಪ್ರವೇಶವಿಲ್ಲ. ಟ್ರೇಲರುಗಳು ಸರ್ವಿಸ್ ರಸ್ತೆಯಲ್ಲಿ ಬೈಕು, ಬಸ್ಸುಗಳ ನಡುವೆಯೇ ಸಾಗಬೇಕು. ಹಿಂದಿನ ದೀಪವಿಲ್ಲದ ಟ್ರೇಲರಿಗೆ ಕತ್ತಲಲ್ಲಿ ಬೈಕ್ ಸವಾರ ಬಂದು ಗುದ್ದುವ ದುರಂತಗಳು ನಮ್ಮ ಜಿಲ್ಲೆಗಳಿಗೆ ಹೊಸದಲ್ಲ. ದೀಪ ಕೆಟ್ಟ ರಾತ್ರಿಯೂ ಟ್ರೇಲರ್ ಕಾಣುವಂತೆ ಹಿಂದೆ ಕೆಂಪು, ಪಕ್ಕಗಳಲ್ಲಿ ಹಳದಿ ಪ್ರತಿಫಲನ ಪಟ್ಟಿ ಅಂಟಿಸಿ, ಅದರ ಮೇಲಿನ ಸೆಗಣಿ ಮಣ್ಣನ್ನು ಆಗಾಗ ಒರೆಸಿ.

ಪ್ರಶ್ನೆ: ನಿಂತಾಗ ಎಲ್ಲ ಸರಿ, ರಸ್ತೆಗಿಳಿದ ಮೇಲೆ ದೀಪದ ಫ್ಯೂಸ್ ಸುಡುತ್ತದೆ. ದೊಡ್ಡ ಫ್ಯೂಸ್ ಹಾಕಬಹುದೇ?
– ಓದುಗರು, ನಾಗಮಂಗಲ

ಉತ್ತರ: ಖಂಡಿತ ಬೇಡ. ಫ್ಯೂಸ್ ಉಳಿದು ತಂತಿ ಸುಡುತ್ತದೆ. ಫ್ಯೂಸಿನ ಜಾಗದಲ್ಲಿ ತಾತ್ಕಾಲಿಕವಾಗಿ 12 ವೋಲ್ಟ್, 21 ವಾಟ್‌ನ ಒಂದು ಬಲ್ಬ್ ಜೋಡಿಸಿ, ಟ್ರೇಲರಿನ ದೀಪಗಳ ಬಲ್ಬುಗಳನ್ನೆಲ್ಲ ಕಳಚಿ ಸ್ವಿಚ್ ಹಾಕಿ. ಈಗ ಫ್ಯೂಸಿನ ಜಾಗದ ಬಲ್ಬ್ ಆರಿರಬೇಕು. ತಂತಿಯನ್ನು ಉದ್ದಕ್ಕೂ ಅಲುಗಾಡಿಸುತ್ತಾ, ಖಾಲಿ ತೊಟ್ಟಿಯನ್ನು ನಿಧಾನವಾಗಿ ಎತ್ತುತ್ತಾ ಹೋಗಿ. ಅದು ಫಕ್ಕನೆ ಪೂರ್ತಿ ಬೆಳಗಿದ ಜಾಗದಲ್ಲೇ ತಂತಿ ಚಾಸಿಸ್ಸಿಗೆ ತಾಗಿದೆ. ಹಿಂದಿನ ಕೀಲಿನ ಬಳಿ ಮತ್ತು ಚಾಸಿಸ್ಸಿನ ರಂಧ್ರಗಳಲ್ಲಿ ರಬ್ಬರ್ ಬುಶ್ ಇಲ್ಲದೆ ತಂತಿ ಹಾಯುವಲ್ಲಿ ಮೊದಲು ನೋಡಿ.

ಪ್ರಶ್ನೆ: ಸಕ್ಕರೆ ಕಾರ್ಖಾನೆಯಿಂದ ಪ್ರೆಸ್ ಮಡ್ (ಕಬ್ಬಿನ ರಸ ಸೋಸಿದಾಗ ಉಳಿಯುವ ಗಸಿ) ಹೊಡೆಯುತ್ತಿದ್ದ ಹಳೆಯ ಬ್ಯಾಟರಿ ಟ್ರೇಲರ್ ಮಾರಾಟಕ್ಕಿದೆ. ಏನೇನು ನೋಡಬೇಕು?
– ಓದುಗರು, ನಂಜನಗೂಡು

ಉತ್ತರ: ಪ್ರೆಸ್ ಮಡ್, ಗೊಬ್ಬರ, ಯೂರಿಯಾ ಹೊತ್ತ ಟ್ರೇಲರಿನಲ್ಲಿ ಕಬ್ಬಿಣಕ್ಕಿಂತ ಮೊದಲು ತಾಮ್ರ ಹಾಳಾಗಿರುತ್ತದೆ. ಗೊಬ್ಬರದಿಂದ ಏಳುವ ಅಮೋನಿಯಾ ತಾಮ್ರವನ್ನು ತಿನ್ನುತ್ತದೆ. ಲಗ್ಗಿನ ಬಳಿ ಕೇಬಲ್ಲಿನ ರಬ್ಬರನ್ನು ಒಂದಂಗುಲ ಸೀಳಲು ಅನುಮತಿ ಕೇಳಿ. ಒಳಗಿನ ಎಳೆಗಳು ಹಸಿರು ಅಥವಾ ಕಪ್ಪಾಗಿದ್ದರೆ ಆ ಕೇಬಲ್ ಪೂರ್ತಿ ಬದಲಾಗಬೇಕು. ಖಾಲಿ ತೊಟ್ಟಿ ಎತ್ತಿ ತೋರಿಸಿದರೆ ಒಪ್ಪಬೇಡಿ, ಮಣ್ಣು ತುಂಬಿಸಿ ಎತ್ತಿಸಿ, ಬ್ಯಾಟರಿಯ ಮೇಲೂ ಮೋಟಾರಿನ ಮೇಲೂ ವೋಲ್ಟೇಜ್ ಅಳೆಯಿರಿ. ಇವೆರಡರ ವ್ಯತ್ಯಾಸ ಒಂದು ವೋಲ್ಟ್ ದಾಟಿದರೆ ದಾರಿಯಲ್ಲಿ ದೋಷವಿದೆ. ಅರ್ಧ ಎತ್ತಿ ಹತ್ತು ನಿಮಿಷ ದೂರ ನಿಂತು ನೋಡಿ, ತೊಟ್ಟಿ ತಾನಾಗಿ ಇಳಿಯಬಾರದು. ಆಸರೆಗೋಲು ಕೊಟ್ಟ ಮೇಲೆ ಕೀಲು, ಜಾಕಿನ ಬುಡ ಮತ್ತು ಮೂಕಿಯ ವೆಲ್ಡಿಂಗನ್ನು ಬೆಳಕು ಬಿಟ್ಟು ಪರೀಕ್ಷಿಸಿ. ಇತ್ತೀಚೆಗೆ ವೆಲ್ಡಿಂಗ್ ಮಾಡಿಸಿದ್ದರೆ ಆಗ ಬ್ಯಾಟರಿಯ ಎರಡೂ ಕೇಬಲ್ ಬಿಚ್ಚಿದ್ದರೇ ಎಂದು ಕೇಳಿ. ಬಿಚ್ಚದೆ ಮಾಡಿಸಿದ್ದರೆ ಎಲ್‌ಇಡಿ ದೀಪ, ಚಾರ್ಜರ್‌ಗಳನ್ನು ಒಂದೊಂದಾಗಿ ಪರೀಕ್ಷಿಸಬೇಕು. ಕೇಬಲ್, ಸೊಲೆನಾಯ್ಡ್, ಬ್ಯಾಟರಿ ಬದಲಿಸಬೇಕಾಗಿ ಬಂದರೆ ಅಷ್ಟು ಖರ್ಚನ್ನು ಬೆಲೆಯಲ್ಲಿ ಕಳೆದು ಮಾತನಾಡಬಹುದು. ಚಾಸಿಸ್ಸಿನ ಉದ್ದನೆಯ ತೊಲೆಯಲ್ಲಿ ಬಿರುಕು ಕಂಡರೆ ಮಾತ್ರ ಎಷ್ಟು ಇಳಿಸಿ ಕೊಟ್ಟರೂ ಕೊಳ್ಳಬೇಡಿ.